ಪೌಂಡಿನ ಪಿಂಚಣಿ, ಬಾಟ್‌ನ ಬಾಡಿಗೆ

ನಿವೃತ್ತಿಯ ನಂತರ ಪರದೇಶದಲ್ಲಿ ನೆಲೆಸುವುದು ಬ್ರಿಟನ್ ಮತ್ತು ಅಮೆರಿಕದಲ್ಲಿ ಈಗ ಸಿರಿವಂತರ ಶೋಕಿಯಾಗಿ ಉಳಿದಿಲ್ಲ. ಸರ್ಕಾರಿ ಪಿಂಚಣಿಯೊಂದನ್ನೇ ನಂಬಿದವರು ತಮ್ಮ ಊರಿನ ಬಾಡಿಗೆಯನ್ನೂ ಚಳಿಗಾಲದ ಗ್ಯಾಸ್ ಬಿಲ್ಲನ್ನೂ ತೆರಲಾಗದೆ, ಅದೇ ದುಡ್ಡಿಗೆ ಹೆಚ್ಚು ಸಾಮಾನು ಸಿಗುವ ದೇಶ ಹುಡುಕಿಕೊಂಡು ಹೊರಡುತ್ತಾರೆ. ಬ್ರಿಟನ್ನಿನ ಪೂರ್ಣ ಹೊಸ ಸರ್ಕಾರಿ ಪಿಂಚಣಿ 2025-26ರಲ್ಲಿ ವಾರಕ್ಕೆ 230.25 ಪೌಂಡ್, ಅಂದರೆ ತಿಂಗಳಿಗೆ ಸಾವಿರ ಪೌಂಡಿಗೆ ಎರಡು ಪೌಂಡ್ ಕಡಿಮೆ. ಅಮೆರಿಕದ ಸೋಶಿಯಲ್ ಸೆಕ್ಯುರಿಟಿಯಲ್ಲಿ ನಿವೃತ್ತ ನೌಕರರಿಗೆ ಸಿಗುವ ಸರಾಸರಿ ಮೊತ್ತ 2025ರ ಜನವರಿಯಲ್ಲಿ ತಿಂಗಳಿಗೆ 1,976 ಡಾಲರ್. ಲಂಡನ್ನಿನಲ್ಲಾಗಲಿ ಬಾಸ್ಟನ್ನಿನಲ್ಲಾಗಲಿ ಬಾಡಿಗೆ ಮನೆಯಲ್ಲಿರುವ ಒಂಟಿ ಜೀವಕ್ಕೆ ಇದರಲ್ಲಿ ತಿಂಗಳು ಕಳೆಯುವುದು ದುಸ್ತರ. ಥಾಯ್ಲೆಂಡಿನ ಚಿಯಾಂಗ್ ಮಾಯ್, ಈಕ್ವೆಡಾರಿನ ಕ್ವೆಂಕಾ, ಮೆಕ್ಸಿಕೋದ ಚಪಾಲಾ ಸರೋವರದ ದಂಡೆಯ ಅಹಿಹಿಕ್, ಪೋರ್ಚುಗಲ್ಲಿನ ಒಳನಾಡು: ಇಂಥ ಹೆಸರುಗಳು ಅವರ ಬಾಯಲ್ಲಿ ಓಡಾಡುವುದು ಈ ಕಾರಣಕ್ಕೆ.

ಒಂದು ದೇಶ ಅಗ್ಗ ಎನ್ನುವಾಗ ಅಲ್ಲಿ ಎಲ್ಲವೂ ಅಗ್ಗವಿರುವುದಿಲ್ಲ. ಮನುಷ್ಯರ ಶ್ರಮದಿಂದ ಆಗುವ ಕೆಲಸ ಅಗ್ಗ, ಹಡಗಿನಲ್ಲಿ ಬರುವ ವಸ್ತು ತುಟ್ಟಿ. ಕೂಲಿ ಕಡಿಮೆ ಇರುವ ಕಡೆ ಕ್ಷೌರ, ಮನೆಗೆಲಸ, ಹೊಲಿಗೆ, ಹೋಟೆಲ್ ಊಟ, ಹಲ್ಲಿನ ಡಾಕ್ಟರ ಶುಲ್ಕ ಎಲ್ಲ ಕಡಿಮೆ. ಕಾರು, ಲ್ಯಾಪ್‌ಟಾಪ್, ಚೀಸ್, ಆಲಿವ್ ಎಣ್ಣೆ, ಶ್ರವಣ ಸಾಧನ ಮಾತ್ರ ಹುಟ್ಟೂರಿನ ಬೆಲೆಗೇ, ಎಷ್ಟೋ ಸಲ ಅದಕ್ಕಿಂತ ಹೆಚ್ಚಿನ ಬೆಲೆಗೆ ಸಿಗುತ್ತವೆ. ಆದ್ದರಿಂದ ಒಬ್ಬ ನಿವೃತ್ತರ ಖರ್ಚು ಆ ದೇಶದ ಬೆಲೆಪಟ್ಟಿಗಿಂತ ಅವರ ನಾಲಗೆಯ ಮೇಲೆ ನಿಂತಿರುತ್ತದೆ.

ಚಿಯಾಂಗ್ ಮಾಯ್‌ನಲ್ಲಿ ಕೋಳಿ ಬೇಯಿಸಿದ ನೀರಿನಲ್ಲೇ ಅನ್ನ ಮಾಡಿ ಬಡಿಸುವ ಖಾವ್ ಮನ್ ಗಾಯ್ ಬೀದಿಬದಿಯಲ್ಲಿ 50-60 ಬಾಟ್‌ಗೆ ಸಿಗುತ್ತದೆ. ಊರೊಳಗೆ ತಿರುಗಲು ಕೆಂಪು ಬಣ್ಣದ ಸೊಂಗ್‌ಥೇವ್‌ಗಳಿವೆ. ಪಿಕಪ್ ವಾಹನದ ಹಿಂಭಾಗಕ್ಕೆ ಎರಡು ಉದ್ದ ಬೆಂಚು ಹಾಕಿದ ಇವು ನಮ್ಮ ಮ್ಯಾಕ್ಸಿಕ್ಯಾಬಿನ ತಮ್ಮನಂತಿವೆ. ಸಾಧಾರಣ ಒಂದು ಕೋಣೆಯ ಅಪಾರ್ಟ್‌ಮೆಂಟು ಎಂಟು-ಹತ್ತು ಸಾವಿರ ಬಾಟ್‌ಗೆ ಸಿಗುತ್ತದೆ. ಬಾಡಿಗೆ ಕರಾರಿನ ಕೆಳಗಡೆ ವಿದ್ಯುತ್ತಿನ ದರ ಬೇರೆಯಾಗಿ ನಮೂದಾಗಿರುತ್ತದೆ, ಅದನ್ನು ಓದದೆ ಸಹಿ ಹಾಕುವವರೇ ಹೆಚ್ಚು. ವಿದ್ಯುತ್ ಇಲಾಖೆಯ ದರ ಯೂನಿಟ್ಟಿಗೆ ನಾಲ್ಕು ಬಾಟ್ ಆಸುಪಾಸಿನಲ್ಲಿದ್ದರೆ ಮಾಲೀಕ ಏಳೆಂಟು ಬಾಟ್ ಹಚ್ಚುವುದು ಅಲ್ಲಿ ಮಾಮೂಲು. ಏಪ್ರಿಲ್ ಸೆಖೆಯಲ್ಲಿ ಏಸಿ ಹಾಕಿದವರಿಗೆ ಆಗ ಬಾಡಿಗೆಯ ನಿಜವಾದ ಮೊತ್ತ ತಿಳಿಯುತ್ತದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೊಲ ಮತ್ತು ಕಾಡಿಗೆ ಹಚ್ಚುವ ಬೆಂಕಿಯ ಹೊಗೆ ಊರನ್ನು ಮುಚ್ಚುತ್ತದೆ. ಉಬ್ಬಸ ಇರುವ ವಯಸ್ಸಾದವರು ಕಡಲತೀರದ ಊರುಗಳಿಗೆ ಗುಳೆ ಹೋಗುತ್ತಾರೆ. ವರ್ಷಕ್ಕೆ ಎರಡು ತಿಂಗಳು ಎರಡು ಮನೆಗೆ ಬಾಡಿಗೆ ಕಟ್ಟಬೇಕಾದ ಈ ಖರ್ಚು ಯಾರೂ ಮೊದಲೇ ಬರೆದುಕೊಂಡ ಪಟ್ಟಿಯಲ್ಲಿ ಇರುವುದಿಲ್ಲ.

ಇಷ್ಟೆಲ್ಲ ಸೇರಿಸಿದರೂ ಮಿತವಾಗಿ ಬಾಳುವವರಿಗೆ ತಿಂಗಳಿಗೆ ಸಾವಿರ ಪೌಂಡ್ ಅಲ್ಲಿ ಸಾಕು. ಆದರೆ ಬದುಕಲು ಸಾಕಾಗುವ ದುಡ್ಡು ಒಳಗೆ ಬಿಡಲು ಸಾಲುವುದಿಲ್ಲ.

ನಿವೃತ್ತರನ್ನು ಕರೆಯುವ ಪ್ರತಿಯೊಂದು ದೇಶವೂ ಬಾಗಿಲಲ್ಲಿ ಒಂದು ತಕ್ಕಡಿ ಇಟ್ಟಿರುತ್ತದೆ. ಥಾಯ್ಲೆಂಡಿನಲ್ಲಿ 50 ವರ್ಷ ದಾಟಿದವರು ನಿವೃತ್ತರಾಗಿ ಇರಲು ತಿಂಗಳಿಗೆ 65,000 ಬಾಟ್ ಆದಾಯ ತೋರಿಸಬೇಕು, ಇಲ್ಲವೇ 8 ಲಕ್ಷ ಬಾಟ್ ಅಲ್ಲಿನ ಬ್ಯಾಂಕಿನಲ್ಲಿ ಇಡಬೇಕು, ಇಲ್ಲವೇ ಎರಡನ್ನೂ ಕೂಡಿಸಿ ವರ್ಷಕ್ಕೆ 8 ಲಕ್ಷ ತುಂಬಿಸಬೇಕು. ಪೌಂಡಿಗೆ 44 ಬಾಟ್ ಎಂದು ಹಿಡಿದರೆ ಬ್ರಿಟನ್ನಿನ ಪೂರ್ಣ ಪಿಂಚಣಿ ಸುಮಾರು 44,000 ಬಾಟ್ ಆಗುತ್ತದೆ. ಅಂದರೆ ಬರೀ ಪಿಂಚಣಿಯಿಂದ ಕದ ತೆರೆಯುವುದಿಲ್ಲ, ಉಳಿತಾಯ ಬೇಕೇ ಬೇಕು. ಅಮೆರಿಕದ ಸರಾಸರಿ ಪಿಂಚಣಿಯ ಪಾಡು ಇನ್ನೂ ವಿಚಿತ್ರ. ಡಾಲರಿಗೆ 34 ಬಾಟ್ ಇದ್ದಾಗ ಅದು 67,000 ಆಗಿ ಪಾಸಾಗುತ್ತದೆ, 32ಕ್ಕೆ ಇಳಿದರೆ 63,000 ಆಗಿ ನಪಾಸಾಗುತ್ತದೆ. 2025ರ ಒಂದೇ ವರ್ಷದಲ್ಲಿ ಡಾಲರು ಈ ಎರಡೂ ದರಗಳನ್ನು ಕಂಡಿತು.

ಬ್ಯಾಂಕಿನಲ್ಲಿಟ್ಟ 8 ಲಕ್ಷವೂ ಪೂರ್ತಿ ತಮ್ಮ ಕೈಯಲ್ಲಿರುವ ದುಡ್ಡಲ್ಲ. 2019ರ ಮಾರ್ಚಿನಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಅರ್ಜಿ ಹಾಕುವ ಎರಡು ತಿಂಗಳು ಮೊದಲು, ಮಂಜೂರಾದ ಮೂರು ತಿಂಗಳ ನಂತರದವರೆಗೆ ಅದನ್ನು ಮುಟ್ಟುವಂತಿಲ್ಲ. ವರ್ಷದ ಉಳಿದ ಕಾಲದಲ್ಲೂ ಅದು 4 ಲಕ್ಷಕ್ಕಿಂತ ಕೆಳಗೆ ಇಳಿಯಕೂಡದು. ಆಪತ್ತಿಗೆಂದು ಕೂಡಿಟ್ಟ ಗಂಟು ಹೀಗೆ ವೀಸಾಕ್ಕೆ ಒತ್ತೆಯಾಗಿ ಕೂರುತ್ತದೆ. ಇದಕ್ಕೂ ಮೊದಲು ಬ್ರಿಟನ್ ಮತ್ತು ಅಮೆರಿಕದ ರಾಯಭಾರ ಕಚೇರಿಗಳು ಕೊಡುತ್ತಿದ್ದ ಆದಾಯದ ಪತ್ರ ತೋರಿಸಿದರೆ ಸಾಕಿತ್ತು. 2019ರ ಆರಂಭದಿಂದ ಆ ಪತ್ರ ನಿಂತುಹೋಯಿತು. ಹತ್ತಾರು ವರ್ಷ ಅದನ್ನೇ ನೆಚ್ಚಿದ್ದವರು ರಾತ್ರೋರಾತ್ರಿ ತಿಂಗಳ ಹಣವನ್ನು ನಿಜಕ್ಕೂ ಥಾಯ್ ಬ್ಯಾಂಕಿಗೆ ತರಿಸಬೇಕಾಯಿತು.

ಬೇರೆ ದೇಶಗಳ ತಕ್ಕಡಿಯೂ ಬೇರೆ ಬೇರೆ ತೂಕದ್ದು. ಸ್ಪೇನ್ ಕೇಳುವುದು ತಿಂಗಳಿಗೆ 2,400 ಯೂರೋ. ಬ್ರಿಟನ್ನಿನ ಪೂರ್ಣ ಪಿಂಚಣಿ ಅದರ ಅರ್ಧದ ಹತ್ತಿರವಷ್ಟೇ ಬರುತ್ತದೆ. ಬ್ರೆಕ್ಸಿಟ್‌ಗೆ ಮುಂಚೆ ಯಾರ ಅಪ್ಪಣೆಯೂ ಇಲ್ಲದೆ ಕೋಸ್ಟಾ ಡೆಲ್ ಸೋಲ್‌ಗೆ ಹೋಗಿ ಮನೆ ಹಿಡಿಯುತ್ತಿದ್ದ ವರ್ಗಕ್ಕೆ ಈಗ ಬಾಗಿಲು ಮುಚ್ಚಿದೆ. ಪೋರ್ಚುಗಲ್ಲಿನ ಡಿ7 ವೀಸಾಕ್ಕೆ ಅಲ್ಲಿನ ಕನಿಷ್ಠ ವೇತನದಷ್ಟು ಆದಾಯ ಸಾಕು, 2025ರಲ್ಲಿ ಅದು 870 ಯೂರೋ. ಈ ಲೆಕ್ಕದಲ್ಲಿ ಬ್ರಿಟಿಷ್ ಪಿಂಚಣಿದಾರರು ಗೆಲ್ಲುತ್ತಾರೆ. ಆದರೆ ಲಿಸ್ಬನ್ನಿನಲ್ಲಿ ಒಂದು ಮಲಗುವ ಕೋಣೆಯ ಮನೆಗೆ ಸಾವಿರ ಯೂರೋ ದಾಟಿದ ಬಾಡಿಗೆ ಇರುವಾಗ ವೀಸಾ ಸಿಕ್ಕವರು ಒಳನಾಡಿನ ಸಣ್ಣ ಪಟ್ಟಣ ಹುಡುಕಬೇಕಾಗುತ್ತದೆ. ಪನಾಮಾ ಕೇಳುವುದು ಜೀವನಪರ್ಯಂತ ಬರುವ ತಿಂಗಳಿಗೆ 1,000 ಡಾಲರ್ ಪಿಂಚಣಿ ಮಾತ್ರ. ಜತೆಗೆ ಹೋಟೆಲ್ ಊಟದಲ್ಲಿ ಶೇ 25, ವೈದ್ಯರ ಶುಲ್ಕದಲ್ಲಿ ಶೇ 20 ರಿಯಾಯಿತಿಯನ್ನು ಕಾನೂನೇ ಕೊಡಿಸುತ್ತದೆ. ಸಾಧಾರಣ ಆದಾಯದವರ ಪಾಲಿಗೆ ಇಷ್ಟು ಉದಾರ ದೇಶ ಇನ್ನೊಂದು ಸಿಗುವುದು ಕಷ್ಟ.

ಈ ಮಿತಿಗಳು ಕಲ್ಲಿನಲ್ಲಿ ಕೆತ್ತಿದವಲ್ಲ. ಈಕ್ವೆಡಾರ್ ತನ್ನ ಮೂಲ ವೇತನದ ಮೂರು ಪಟ್ಟು ಕೇಳುತ್ತದೆ. ಅದು 2024ರಲ್ಲಿ 1,380 ಡಾಲರ್ ಇದ್ದದ್ದು 2025ಕ್ಕೆ 1,410 ಆಯಿತು. ಮೆಕ್ಸಿಕೋದಲ್ಲೂ ವಾಸದ ಪರವಾನಗಿಯ ಮಿತಿಯನ್ನು ದಿನಗೂಲಿಯ ಲೆಕ್ಕಕ್ಕೆ ಕಟ್ಟಲಾಗಿತ್ತು. 2018ರಲ್ಲಿ 88.36 ಪೆಸೋ ಇದ್ದ ಅಲ್ಲಿನ ಕನಿಷ್ಠ ದಿನಗೂಲಿ 2025ಕ್ಕೆ 278.80 ಪೆಸೋಗೆ ಏರಿತು. ಅಲ್ಲಿನ ಬಡವರಿಗೆ ಇದು ಬಹುಕಾಲದ ನಂತರ ಸಂದ ನ್ಯಾಯ. ಅದೇ ಹೊತ್ತಿಗೆ ಹೊರಗಿನಿಂದ ಬರುವ ನಿವೃತ್ತರ ಹೊಸ್ತಿಲೂ ಅಷ್ಟೇ ಎತ್ತರವಾಯಿತು. ಮಲೇಷ್ಯಾ 2002ರಲ್ಲಿ ಆರಂಭಿಸಿದ ‘ಮಲೇಷ್ಯಾ ನನ್ನ ಎರಡನೇ ಮನೆ’ ಯೋಜನೆಯಲ್ಲಿ ತಿಂಗಳ ಆದಾಯದ ಮಿತಿ 10,000 ರಿಂಗಿಟ್ ಇತ್ತು. 2021ರಲ್ಲಿ ಅದನ್ನು ಒಂದೇ ಏಟಿಗೆ 40,000 ಮಾಡಲಾಯಿತು. ನಂತರ ಮತ್ತೆ ಬದಲಾವಣೆಗಳಾದವು, ಆದರೆ ಸಾಧಾರಣ ಪಿಂಚಣಿಯವರ ನೆಚ್ಚಿನ ದೇಶವೆಂಬ ಹೆಸರು ಅಂದಿಗೇ ಹೋಯಿತು.

ಬಾಗಿಲು ದಾಟಿದ ಮೇಲೆ ಪಿಂಚಣಿ ಪ್ರತಿವರ್ಷ ಏರುತ್ತದೆಯೇ ಎಂಬುದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಅಮೆರಿಕದವರಿಗೆ ಇಲ್ಲಿ ಚಿಂತೆಯಿಲ್ಲ. ಸೋಶಿಯಲ್ ಸೆಕ್ಯುರಿಟಿಯ ವಾರ್ಷಿಕ ಹೆಚ್ಚಳ ಪರದೇಶಕ್ಕೂ ಹಿಂಬಾಲಿಸುತ್ತದೆ. ಬ್ರಿಟನ್ನಿನ ವ್ಯವಸ್ಥೆ ಹಾಗಲ್ಲ. ಅಲ್ಲಿನ ಸರ್ಕಾರಿ ಪಿಂಚಣಿಯನ್ನು ಜಗತ್ತಿನ ಯಾವ ಮೂಲೆಗಾದರೂ ಕಳಿಸುತ್ತಾರೆ, ವರ್ಷ ವರ್ಷದ ಹೆಚ್ಚಳವನ್ನು ಮಾತ್ರ ಕೆಲವೇ ದೇಶಗಳಲ್ಲಿರುವವರಿಗೆ ಕೊಡುತ್ತಾರೆ. ಐರೋಪ್ಯ ಒಕ್ಕೂಟದ ದೇಶಗಳು, ಅಮೆರಿಕ, ಟರ್ಕಿ, ಫಿಲಿಪ್ಪೀನ್ಸ್ ಆ ಪಟ್ಟಿಯಲ್ಲಿವೆ. ಆಸ್ಟ್ರೇಲಿಯಾ, ಕೆನಡಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ, ಥಾಯ್ಲೆಂಡ್ ಇಲ್ಲ. ಭಾರತವೂ ಇಲ್ಲ. ಪಟ್ಟಿಯ ಹೊರಗಿನ ದೇಶಕ್ಕೆ ಹೋದವರ ಪಿಂಚಣಿ ಹೋದ ದಿನದ ಮೊತ್ತಕ್ಕೆ ಹೆಪ್ಪುಗಟ್ಟುತ್ತದೆ, ಅಲ್ಲಿರುವ ತನಕ ಅಷ್ಟೇ. ಹೀಗೆ ಸಿಕ್ಕಿಕೊಂಡವರು ಸುಮಾರು ಐದು ಲಕ್ಷದ ಹತ್ತಿರ ಇದ್ದಾರೆ.

ಇದು ತಿಂಗಳ ಲೆಕ್ಕದಲ್ಲಿ ಹೇಗೆ ಕಾಣುತ್ತದೆ ಎಂಬುದನ್ನು ಒಂದು ಉದಾಹರಣೆಯಲ್ಲಿ ನೋಡಬಹುದು. 2001ರಲ್ಲಿ ಹಳೆಯ ಪದ್ಧತಿಯ ಪೂರ್ಣ ಮೂಲ ಪಿಂಚಣಿಯೊಂದಿಗೆ ಥಾಯ್ಲೆಂಡಿಗೆ ಹೋದವರಿಗೆ ವಾರಕ್ಕೆ 72.50 ಪೌಂಡ್ ಬರುತ್ತಿತ್ತು. ಇಂದಿಗೂ 72.50 ಪೌಂಡೇ ಬರುತ್ತದೆ. ಅವರದೇ ಓರಗೆಯವರು, ಬ್ರಿಟನ್ನಿನಲ್ಲೇ ಉಳಿದವರು, 2025-26ರಲ್ಲಿ ಪಡೆದದ್ದು 176.45 ಪೌಂಡ್. ಇಬ್ಬರೂ ಅಷ್ಟೇ ವರ್ಷ ದುಡಿದು ಅಷ್ಟೇ ಕಂತು ಕಟ್ಟಿದವರು. ಮೇಲಿನಿಂದ ವಿನಿಮಯದ ಹೊಡೆತ ಬೇರೆ. 2001ರಲ್ಲಿ ಪೌಂಡಿಗೆ 60ಕ್ಕೂ ಹೆಚ್ಚು ಬಾಟ್ ಸಿಗುತ್ತಿದ್ದಾಗ ತಿಂಗಳ ಪಿಂಚಣಿ ಸುಮಾರು 20,000 ಬಾಟ್ ಆಗಿತ್ತು. ಈಗ ಅದು 14,000ದ ಒಳಗೆ ಬಂದು ನಿಂತಿದೆ. ಊರಿನ ಬೆಲೆಗಳು ಕಾಲು ಶತಮಾನ ಏರಿದವು, ಕೈಗೆ ಬರುವ ದುಡ್ಡು ಮೂರನೇ ಒಂದು ಭಾಗ ಕರಗಿತು. ಅಗ್ಗದ ದೇಶವೆಂದು ಹೋದವರಿಗೆ ಆ ದೇಶ ಅಗ್ಗವಾಗಿ ಉಳಿಯಲಿಲ್ಲ, ಅವರೇ ಬಡವರಾದರು.

ಈ ವಿಂಗಡಣೆಗೆ ತರ್ಕ ಹುಡುಕುವವರು ನಯಾಗರಾ ಜಲಪಾತದ ಬಳಿ ನಿಲ್ಲಬೇಕು. ನದಿಯ ಈಚೆ ದಂಡೆ ಅಮೆರಿಕ, ಅಲ್ಲಿನ ಬ್ರಿಟಿಷ್ ಪಿಂಚಣಿದಾರರಿಗೆ ವರ್ಷ ವರ್ಷ ಹೆಚ್ಚಳ. ಆಚೆ ದಂಡೆ ಕೆನಡಾ, ಅಲ್ಲಿ ಹೆಚ್ಚಳವಿಲ್ಲ. ಬ್ರಿಟನ್ ಮತ್ತು ಆಯಾ ದೇಶದ ನಡುವೆ ಹಳೆಯ ಕಾಲದಲ್ಲಿ ಎಂಥ ಒಪ್ಪಂದವಾಗಿತ್ತು ಎಂಬುದೊಂದೇ ಇದಕ್ಕೆ ಆಧಾರ. ದಕ್ಷಿಣ ಆಫ್ರಿಕಾದಲ್ಲಿ ನೆಲೆಸಿದ್ದ ಪಿಂಚಣಿದಾರ ಮಹಿಳೆಯೊಬ್ಬರು ಹೂಡಿದ ಮೊಕದ್ದಮೆ 2005ರಲ್ಲಿ ಬ್ರಿಟನ್ನಿನ ಲಾರ್ಡ್ಸ್ ಸಭೆಯಲ್ಲೂ 2010ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದಲ್ಲೂ ಸೋತಿತು. ಕಾನೂನಿನ ದಾರಿ ಅಲ್ಲಿಗೆ ಮುಗಿದಂತಾಯಿತು.

ಇದು ಕನ್ನಡದ ಓದುಗರಿಗೆ ದೂರದ ಸಂಗತಿಯೂ ಅಲ್ಲ. ಕರ್ನಾಟಕದ ಮೆಡಿಕಲ್ ಕಾಲೇಜುಗಳಲ್ಲಿ ಓದಿ, ಬ್ರಿಟನ್ನಿನ ಎನ್‌ಎಚ್‌ಎಸ್ ಆಸ್ಪತ್ರೆಗಳಲ್ಲಿ ಬಾಳಿನ ಬಹುಭಾಗ ದುಡಿದು, ಕೊನೆಗಾಲಕ್ಕೆ ಮೈಸೂರಿಗೋ ಮಂಗಳೂರಿಗೋ ಮರಳುವ ವೈದ್ಯರಿದ್ದಾರೆ. ಅವರ ಎನ್‌ಎಚ್‌ಎಸ್ ನೌಕರಿ ಪಿಂಚಣಿ ಎಲ್ಲಿದ್ದರೂ ಏರುತ್ತದೆ. ಸರ್ಕಾರಿ ಪಿಂಚಣಿ ಮಾತ್ರ ಭಾರತಕ್ಕೆ ಬಂದ ದಿನಕ್ಕೆ ನಿಂತುಬಿಡುತ್ತದೆ. ಆಗಾಗ ‘ಬದುಕಿದ್ದೇನೆ’ ಎಂದು ಸಾಕ್ಷಿಯ ಸಹಿ ಸಮೇತ ಫಾರಂ ತುಂಬಿ ಬ್ರಿಟನ್ನಿಗೆ ಕಳಿಸುವುದೂ ಉಂಟು. ನವೆಂಬರ್ ಬಂತೆಂದರೆ ಜೀವನ ಪ್ರಮಾಣ ಪತ್ರಕ್ಕೆ ಬ್ಯಾಂಕಿನ ಮುಂದೆ ಸಾಲು ನಿಲ್ಲುವ ನಮ್ಮ ಪಿಂಚಣಿದಾರರಿಗೆ ಈ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ.

ಪಿಂಚಣಿ ಏರುವವರಿಗೂ ವಿನಿಮಯ ದರದಿಂದ ಬಿಡುಗಡೆಯಿಲ್ಲ. 2020ರ ಏಪ್ರಿಲಿನಲ್ಲಿ ಡಾಲರಿಗೆ 24 ಪೆಸೋ ದಾಟಿತ್ತು, 2024ರ ಏಪ್ರಿಲಿಗೆ 17ಕ್ಕಿಂತ ಕೆಳಗಿಳಿಯಿತು. ಚಪಾಲಾ ದಂಡೆಯಲ್ಲಿದ್ದ ಅಮೆರಿಕನ್ನರ ಪಿಂಚಣಿ ಈ ನಾಲ್ಕು ವರ್ಷಗಳಲ್ಲಿ ಡಾಲರಿನಲ್ಲಿ ಏರಿತು, ಪೆಸೋದಲ್ಲಿ ಇಳಿಯಿತು. ಅಮೆರಿಕ ಕೊಡುವ ಹೆಚ್ಚಳವು ಅಮೆರಿಕದ ಬೆಲೆಯೇರಿಕೆಗೆ ಅಳೆದದ್ದು. ಮೆಕ್ಸಿಕೋದ ಟೊಮೆಟೊಗೂ ಅದಕ್ಕೂ ಸಂಬಂಧವಿಲ್ಲ. ಈ ಗೋಜೇ ಬೇಡವೆನ್ನುವ ಅಮೆರಿಕನ್ನರು ಡಾಲರೇ ಚಲಾವಣೆಯಲ್ಲಿರುವ ಪನಾಮಾ, ಈಕ್ವೆಡಾರ್‌ಗಳನ್ನು ಆರಿಸುತ್ತಾರೆ. ಈಕ್ವೆಡಾರ್ 2000ದಲ್ಲಿ, ಡಾಲರೊಂದಕ್ಕೆ 25,000 ಸುಕ್ರೆಯ ಲೆಕ್ಕದಲ್ಲಿ, ತನ್ನ ನಾಣ್ಯವನ್ನೇ ಕೈಬಿಟ್ಟಿತು. ಆ ದೇಶದ ಜನರ ಉಳಿತಾಯವನ್ನು ನುಂಗಿದ ಆ ಬಿಕ್ಕಟ್ಟು ಪರದೇಶದ ನಿವೃತ್ತರಿಗೆ ಮುಂದೆ ಅನುಕೂಲವಾಗಿ ಬಂತು. ಬ್ರಿಟಿಷರಿಗೆ ಇಂಥ ಆಸರೆಯಿಲ್ಲ, ಪೌಂಡು ಚಲಾವಣೆಯಲ್ಲಿರುವ ಅಗ್ಗದ ದೇಶ ಎಲ್ಲಿಯೂ ಇಲ್ಲ.

ಬಾಡಿಗೆ, ಊಟ, ವಿನಿಮಯ ಮೂರನ್ನೂ ಹೇಗೋ ಸರಿದೂಗಿಸಿದವರನ್ನು ಕೊನೆಗೆ ಕೆಡವುವುದು ಆಸ್ಪತ್ರೆ. ಅಮೆರಿಕದ ವೃದ್ಧರ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಸಾಮಾನ್ಯವಾಗಿ ದೇಶದ ಹೊರಗಿನ ಚಿಕಿತ್ಸೆಗೆ ಕಾಸು ಕೊಡುವುದಿಲ್ಲ. ಹಾಗೆಂದು ಅದರ ಬಿ ಭಾಗದ ಕಂತನ್ನು, 2025ರಲ್ಲಿ ತಿಂಗಳಿಗೆ 185 ಡಾಲರ್, ನಿಲ್ಲಿಸಿದರೆ ಮುಂದೆ ಮರಳಿ ಸೇರುವಾಗ ಬಿಟ್ಟ ಪ್ರತಿ ಪೂರ್ಣ ವರ್ಷಕ್ಕೆ ಶೇ 10ರಂತೆ ದಂಡ, ಅದೂ ಬದುಕಿರುವವರೆಗೆ. ಐದು ವರ್ಷ ಬಿಟ್ಟವರಿಗೆ ಅದೇ ಕಂತು 277.50 ಡಾಲರ್ ಆಗುತ್ತದೆ. ಬಳಸದ ವಿಮೆಗೆ ದುಡ್ಡು ಸುರಿಯಬೇಕು, ಇಲ್ಲವೇ ಮರಳುವ ದಾರಿಯನ್ನು ತುಟ್ಟಿ ಮಾಡಿಕೊಳ್ಳಬೇಕು. ಎರಡೂ ನಷ್ಟದ ಬಾಬ್ತೇ.

ಬ್ರಿಟನ್ನಿನ ಎನ್‌ಎಚ್‌ಎಸ್ ಹಕ್ಕು ಬರುವುದು ವಾಸದಿಂದ, ಕಟ್ಟಿದ ತೆರಿಗೆಯಿಂದಲ್ಲ. ನಲವತ್ತು ವರ್ಷ ತೆರಿಗೆ ಕಟ್ಟಿದವರೂ ದೇಶ ಬಿಟ್ಟು ನೆಲೆಸಿದ ಮೇಲೆ ಉಚಿತ ಆಸ್ಪತ್ರೆ ಚಿಕಿತ್ಸೆಯ ಹಕ್ಕನ್ನು ಕಳೆದುಕೊಳ್ಳುತ್ತಾರೆ. ಯುರೋಪಿನ ಒಕ್ಕೂಟದೊಳಗೆ ನೆಲೆಸುವ ಪಿಂಚಣಿದಾರರಿಗೆ ಎಸ್1 ಎಂಬ ಪತ್ರ ಸಿಗುತ್ತದೆ, ಅದರ ಬಲದಿಂದ ಅಲ್ಲಿನ ಸಾರ್ವಜನಿಕ ಆಸ್ಪತ್ರೆಗಳ ವೆಚ್ಚವನ್ನು ಬ್ರಿಟನ್ ಭರಿಸುತ್ತದೆ. ಥಾಯ್ಲೆಂಡಿನಲ್ಲಿ ಇಂಥದ್ದೇನಿಲ್ಲ, ಖಾಸಗಿ ವಿಮೆಯೊಂದೇ ಗತಿ. ಅದರ ಕಂತು ವಯಸ್ಸಿನ ಜೊತೆ ಏರುತ್ತದೆ. ಹಳೆಯ ಕಾಯಿಲೆಗಳನ್ನು ಹೊರಗಿಡುತ್ತಾರೆ. ಎಪ್ಪತ್ತು ದಾಟಿದವರಿಗೆ ಹೊಸ ಪಾಲಿಸಿ ಸಿಗುವುದೇ ಕಷ್ಟ. ಅರವತ್ತೈದರಲ್ಲಿ ಹೊರಟವರ ಲೆಕ್ಕ ಅರವತ್ತೈದಕ್ಕೆ ಸರಿಯಾಗಿಯೇ ಇರುತ್ತದೆ, ತಪ್ಪುವುದು ಎಪ್ಪತ್ತೆಂಟಕ್ಕೆ. ಹೃದಯದ ಒಂದು ಶಸ್ತ್ರಚಿಕಿತ್ಸೆ ಎಂದರೆ ವೀಸಾಕ್ಕೆ ಇಟ್ಟ 8 ಲಕ್ಷ ಬಾಟ್‌ಗೇ ಕೈ ಹಾಕಬೇಕು. ಹಾಗೆ ಕೈ ಹಾಕಿದವರು ಗುಣವಾಗಿ ಮನೆಗೆ ಬರುವಷ್ಟರಲ್ಲಿ ವೀಸಾದ ಅರ್ಹತೆ ಹೋಗಿರುತ್ತದೆ.

ತೆರಿಗೆಯ ವಿಷಯ ಗಂಟು ಗಂಟಾಗಿದೆ, ಇಲ್ಲಿ ಒಂದು ಮಾತು ಸಾಕು. ಪೋರ್ಚುಗಲ್ 2009ರಲ್ಲಿ ಹೊರಗಿನಿಂದ ಬಂದು ನೆಲೆಸುವವರಿಗೆ ವಿಶೇಷ ರಿಯಾಯಿತಿ ತಂದಾಗ ಎಷ್ಟೋ ಪಿಂಚಣಿಗಳು ಎರಡೂ ಕಡೆ ತೆರಿಗೆಯಿಲ್ಲದೆ ಪಾರಾದವು. ಇದನ್ನು ಸಹಿಸದ ಫಿನ್ಲೆಂಡ್ ತನ್ನ ತೆರಿಗೆ ಒಪ್ಪಂದವನ್ನೇ ರದ್ದು ಮಾಡಿತು, ಆಮೇಲೆ ಸ್ವೀಡನ್ನೂ ಅದೇ ಹಾದಿ ಹಿಡಿಯಿತು. 2020ರಲ್ಲಿ ಪೋರ್ಚುಗಲ್ ಶೇ 10 ತೆರಿಗೆ ಹಾಕಿತು, 2024ರಿಂದ ಹೊಸಬರಿಗೆ ಆ ರಿಯಾಯಿತಿಯ ಬಾಗಿಲು ಮುಚ್ಚಿತು. ಥಾಯ್ಲೆಂಡ್ ಕೂಡ 2024ರ ಜನವರಿಯಿಂದ, ವರ್ಷಕ್ಕೆ 180 ದಿನ ಅಲ್ಲಿರುವವರು ಹೊರಗಿನಿಂದ ತರಿಸುವ ಆದಾಯದ ಮೇಲೆ ಕಣ್ಣಿಟ್ಟಿದೆ.

ನಿವೃತ್ತರು ಬಂದು ಸೇರಿದ ಊರು ಮೊದಲಿನ ಬೆಲೆಯಲ್ಲಿ ಉಳಿಯುವುದಿಲ್ಲ. ಮಾಲೀಕ ಬಾಡಿಗೆಯನ್ನು ಡಾಲರಿನಲ್ಲಿ ಯೋಚಿಸತೊಡಗುತ್ತಾನೆ, ಅಂಗಡಿಯವನು ಎರಡು ಬೆಲೆ ಇಡುತ್ತಾನೆ, ಅಲ್ಲಿಯೇ ಹುಟ್ಟಿದವರು ಊರ ಹೊರಗೆ ಸರಿಯುತ್ತಾರೆ. ಹಿತವಾದ ಹವೆ, ಕಡಿಮೆ ಬೆಲೆ, ಒಳ್ಳೆಯ ಆಸ್ಪತ್ರೆ ಇದ್ದ ಬೆಂಗಳೂರನ್ನು ಪಿಂಚಣಿದಾರರ ಸ್ವರ್ಗವೆಂದು ಕರೆಯುತ್ತಿದ್ದ ಕಾಲವನ್ನು ನೆನೆದರೆ ಈ ಬದಲಾವಣೆ ಬೇಗ ಅರ್ಥವಾಗುತ್ತದೆ. ಇಲ್ಲಿ ಬೆಲೆ ಏರಿಸಿದವರು ಪಿಂಚಣಿದಾರರಲ್ಲ ಎಂಬುದಷ್ಟೇ ವ್ಯತ್ಯಾಸ. ಬ್ರಿಟಿಷ್ ಲೇಖಕಿ ಡೆಬೊರಾ ಮೊಗ್ಗಾಕ್ 2004ರಲ್ಲಿ ಪ್ರಕಟಿಸಿದ ‘ದೀಸ್ ಫೂಲಿಶ್ ಥಿಂಗ್ಸ್’ ಕಾದಂಬರಿಯಲ್ಲಿ ಬ್ರಿಟನ್ನಿನ ಮುದುಕರು ಅಗ್ಗದ ಆಸರೆ ಹುಡುಕಿ ಬರುವುದು ಬೆಂಗಳೂರಿಗೇ. ಅದನ್ನು ಆಧರಿಸಿದ ‘ದಿ ಬೆಸ್ಟ್ ಎಕ್ಸಾಟಿಕ್ ಮ್ಯಾರಿಗೋಲ್ಡ್ ಹೋಟೆಲ್’ ಸಿನಿಮಾ ಕಥೆಯನ್ನು ರಾಜಸ್ಥಾನಕ್ಕೆ ಒಯ್ದಿತು. ಕಥೆಯಲ್ಲಿ ಇಲ್ಲದ ಎರಡು ವಿಷಯಗಳೆಂದರೆ, ಭಾರತದಲ್ಲಿ ನಿವೃತ್ತರಿಗೆಂದೇ ಪ್ರತ್ಯೇಕ ವೀಸಾ ಇಲ್ಲ, ಮತ್ತು ಆ ಮುದುಕರ ಪಿಂಚಣಿ ಇಲ್ಲಿಗೆ ಬಂದ ದಿನವೇ ಹೆಪ್ಪುಗಟ್ಟುತ್ತಿತ್ತು.

ದಂಪತಿಯಾಗಿ ಹೋದವರಲ್ಲಿ ಒಬ್ಬರು ತೀರಿಕೊಂಡರೆ, ಕೈ ನಡುಗತೊಡಗಿದರೆ, ಭಾಷೆ ಬಾರದ ಊರಿನಲ್ಲಿ ಒಂಟಿಯಾಗಿ ಉಳಿಯಲಾರದೆ ಬಹಳಷ್ಟು ಜನ ಮರಳುತ್ತಾರೆ. ಬ್ರಿಟನ್ನಿಗೆ ಮರಳಿ ನೆಲೆಸಿದವರ ಹೆಪ್ಪುಗಟ್ಟಿದ ಪಿಂಚಣಿ ಮತ್ತೆ ಪೂರ್ಣ ದರಕ್ಕೆ ಏರುತ್ತದೆ. ಕಡಿಮೆ ಆದಾಯದ ವೃದ್ಧರಿಗೆ ಕೊಡುವ ಪೆನ್ಷನ್ ಕ್ರೆಡಿಟ್ ಬೇಕೆಂದರೆ, ತಾವು ಖಾಯಂ ಆಗಿ ಬಂದಿದ್ದೇವೆಂದು ಸ್ವಂತ ದೇಶದ ಅಧಿಕಾರಿಗಳಿಗೇ ದಾಖಲೆ ಸಮೇತ ತೋರಿಸಿ ಕೊಡಬೇಕು. ಹೊರಡುವಾಗ ಮನೆ ಬಿಟ್ಟುಕೊಟ್ಟವರು ಆ ಹೊತ್ತಿಗೆ, ಇಪ್ಪತ್ತು ವರ್ಷದ ಹಿಂದೆ ತಮಗೆ ಎಟುಕದೆ ಹೋದ ಅದೇ ಊರಿನ ಬಾಡಿಗೆ ಮನೆಯನ್ನು, ಈಗಿನ ಬೆಲೆಗೆ ಹುಡುಕುತ್ತಿರುತ್ತಾರೆ.